ಫಿಟ್‌ನೆಸ್ ಗೆರೆಯೂ ಸಾನಮಾವಿನ ಆನೆಯೂ

ಮನುಷ್ಯನಿಗೆ ತನ್ನ ಮೈಯ ಸಮಾಚಾರವನ್ನು ಇನ್ನೊಬ್ಬರ ಬಾಯಿಂದ ಕೇಳಿದರೇ ಸಮಾಧಾನ. ಹಿಂದೆ ಈ ಕೆಲಸವನ್ನು ನೆಂಟರು ನೋಡಿಕೊಳ್ಳುತ್ತಿದ್ದರು. ಮದುವೆ ಮನೆಯ ಬಾಗಿಲಲ್ಲಿ ಸಿಕ್ಕ ಸೋದರತ್ತೆ "ಏನೋ, ಇಷ್ಟು ಇಳಿದುಹೋಗಿದ್ದೀಯಲ್ಲೋ" ಎಂದರೆ ನಾವು ಇಳಿದಿದ್ದೇವೆ ಎಂದರ್ಥ. ಅದೇ ಮದುವೆಯ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತ ಚಿಕ್ಕಪ್ಪ "ಹೊಟ್ಟೆ ಬಂದುಬಿಡ್ತಲ್ಲಯ್ಯ" ಎಂದರೆ ಪಾಯಸ ಬರುವಷ್ಟರಲ್ಲಿ ಊದಿದ್ದೇವೆ. ಯಾರೂ ತೂಕ ಹಾಕುತ್ತಿರಲಿಲ್ಲ, ಯಾರೂ ವಾದ ಮಾಡುತ್ತಿರಲಿಲ್ಲ. ಈಗ ನೆಂಟರಿಗೆ ಬಿಡುವಿಲ್ಲ. ಹಾಗಾಗಿ ಆ ಜವಾಬ್ದಾರಿಯನ್ನು ಫೋನಿನೊಳಗೆ ಕುಳಿತ ಒಂದು ಆ್ಯಪ್ ವಹಿಸಿಕೊಂಡಿದೆ. ಸೋದರತ್ತೆಯಾದರೂ ವರ್ಷಕ್ಕೆರಡು ಸಲ ಹೇಳುತ್ತಿದ್ದಳು. ಇದು ದಿನಾ ಬೆಳಿಗ್ಗೆ, ನಾನು ಹಲ್ಲುಜ್ಜುವ ಮೊದಲೇ ಹೇಳುತ್ತದೆ.

ನಾನು ಹೊಸೂರಿನ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದವನು. ನಮ್ಮ ವಿಭಾಗದ ಗೋಡೆಗಳಿಗೆ ಬಣ್ಣ ಹೊಡೆಸಿ ಬಹಳ ವರ್ಷವಾಯಿತು, ಯಾಕೆಂದರೆ ಗೋಡೆ ಕಾಣಿಸುವುದೇ ಇಲ್ಲ. ಎಲ್ಲಿ ನೋಡಿದರೂ ಗ್ರಾಫು. ಏರಬೇಕಾದದ್ದು ಏರುತ್ತಿರಬೇಕು, ಇಳಿಯಬೇಕಾದದ್ದು ಇಳಿಯುತ್ತಿರಬೇಕು. ಆಡಿಟ್‌ಗೆ ಬರುವ ಮಹನೀಯರು ಯಂತ್ರದ ಕಡೆ ನೋಡುವುದು ಕಡಿಮೆ, ಗೋಡೆಯ ಕಡೆ ನೋಡುವುದೇ ಜಾಸ್ತಿ. ಇಂಥ ಅನ್ನ ತಿಂದವನಿಗೆ ತನ್ನದೇ ಮೈಯ ಒಂದು ಗ್ರಾಫು ಸಿಕ್ಕಿದರೆ ಹೇಗಾಗಬೇಡ? ಕಾರ್ಖಾನೆಯಲ್ಲಿ ಸೈಕಲ್ ಕ್ಲಬ್ ಶುರುವಾದಾಗ ಮೊದಲು ಹೆಸರು ಕೊಟ್ಟವರಲ್ಲಿ ನಾನೂ ಒಬ್ಬ. ಗೇರ್ ಸೈಕಲ್ ಬಂತು, ಹೆಲ್ಮೆಟ್ ಬಂತು, ಹಿಂಭಾಗಕ್ಕೆ ಸ್ಪಂಜು ಹೊಲಿದ ಬಿಗಿ ಚಡ್ಡಿ ಬಂತು. ನನ್ನ ಹೆಂಡತಿ ಸುಜಾತ ಇಲ್ಲಿಯ ಶಾಲೆಯೊಂದರಲ್ಲಿ ಕನ್ನಡ ಟೀಚರು. ಆ ಚಡ್ಡಿಯನ್ನು ಮೇಲಿಂದ ಕೆಳಗೆ ನೋಡಿ, "ರೀ, ಆರೋಗ್ಯ ಮುಖ್ಯ, ಬೇಡ ಅನ್ನಲ್ಲ. ಆದ್ರೆ ಹಿಂದಿನ ಬೀದಿಯಿಂದ ಹೋಗಿ. ಮುಂದಿನ ಬೀದೀಲಿ ನನ್ನ ಕ್ಲಾಸಿನ ಮಕ್ಕಳ ಮನೆಗಳಿವೆ" ಅಂದಳು. ಅಂದಿನಿಂದ ನನ್ನ ಕ್ರೀಡಾಜೀವನವೆಲ್ಲ ಹಿಂದಿನ ಬೀದಿಯಿಂದಲೇ ಆರಂಭವಾಗುತ್ತದೆ.

ಆ್ಯಪ್ ನನ್ನನ್ನು ಅಳೆಯುವ ರೀತಿಯನ್ನು ಇಲ್ಲಿ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನ ಅವಮಾನಗಳು ಅರ್ಥವಾಗುವುದಿಲ್ಲ. ಎರಡು ಮಡಕೆ ಇವೆ ಅಂದುಕೊಳ್ಳಿ. ಎರಡಕ್ಕೂ ತಳದಲ್ಲಿ ತೂತು. ದೊಡ್ಡ ಮಡಕೆಗೆ ಸಣ್ಣ ತೂತು, ಸಣ್ಣ ಮಡಕೆಗೆ ದೊಡ್ಡ ತೂತು. ನೀವು ಪ್ರತಿ ಸಲ ಸೈಕಲ್ ತುಳಿದಾಗಲೂ ಎರಡಕ್ಕೂ ಅಷ್ಟಷ್ಟು ನೀರು ಬೀಳುತ್ತದೆ. ದೊಡ್ಡ ಮಡಕೆಯಲ್ಲಿ ಉಳಿದದ್ದು ಫಿಟ್‌ನೆಸ್. ಒಂದೂವರೆ ತಿಂಗಳ ನಿಮ್ಮ ದುಡಿಮೆ ಅಲ್ಲಿ ನಿಧಾನವಾಗಿ ತುಂಬುತ್ತದೆ, ನಿಧಾನವಾಗಿ ಸೋರುತ್ತದೆ. ಸಣ್ಣ ಮಡಕೆಯಲ್ಲಿ ಇರುವುದು ದಣಿವು. ಒಂದು ವಾರದಲ್ಲಿ ತುಂಬಿ ಒಂದು ವಾರದಲ್ಲೇ ಖಾಲಿ. ಫಿಟ್‌ನೆಸ್ಸಿನಿಂದ ದಣಿವನ್ನು ಕಳೆದರೆ ಬರುವುದು ನಿಮ್ಮ ಫಾರ್ಮು, ಅಂದರೆ ಲವಲವಿಕೆ. ಕೇಳಲು ಚೆನ್ನಾಗಿದೆ. ಆದರೆ ನನಗೆ ಕ್ವಾಲಿಟಿಯವರ ಕೆಟ್ಟ ಚಾಳಿ, ಯಾವ ಲೆಕ್ಕವನ್ನೂ ತುದಿಯವರೆಗೆ ಎಳೆದು ನೋಡುತ್ತೇನೆ. ಚೆನ್ನಾಗಿ ಸೈಕಲ್ ತುಳಿಯುತ್ತಿದ್ದವನೊಬ್ಬ ಇದ್ದಕ್ಕಿದ್ದಂತೆ ಸತ್ತ ಅಂದುಕೊಳ್ಳಿ. ದಣಿವು ಬೇಗ ಸೋರಿಹೋಗುತ್ತದೆ, ಫಿಟ್‌ನೆಸ್ ಇನ್ನೂ ಉಳಿದಿರುತ್ತದೆ. ಅಂದರೆ ಈ ಲೆಕ್ಕದಂತೆ ಆತ ವೈಕುಂಠ ಸಮಾರಾಧನೆಯ ಊಟದ ಹೊತ್ತಿಗೆ ಜೀವಮಾನದಲ್ಲೇ ಇಲ್ಲದಷ್ಟು ಲವಲವಿಕೆಯಿಂದಿರುತ್ತಾನೆ. ಈ ಸಂಶೋಧನೆಯನ್ನು ಸುಜಾತಳಿಗೆ ಹೇಳಿದೆ. "ಬಿಡ್ತು ಅನ್ನಿ, ಬೆಳಿಗ್ಗೆ ಬೆಳಿಗ್ಗೆ ಏನು ಮಾತು" ಎಂದು ಬೈದಳು.

ನಮ್ಮ ಕ್ಲಬ್ಬಿನ ಕ್ಯಾಪ್ಟನ್ ಸೆಂದಿಲ್, ಪರ್ಸೊನೆಲ್ ವಿಭಾಗದ ಹುಡುಗಾಟಿಕೆಯಿಲ್ಲದ ತರುಣ. ಮಾವಿನ ಕಾಲಕ್ಕೆ ಹೊಸೂರಿನಿಂದ ಕೃಷ್ಣಗಿರಿ ಅಣೆಕಟ್ಟಿಗೆ ಒಂದು ದೊಡ್ಡ ಸವಾರಿ ಎಂದು ಆತ ಪ್ರಕಟಿಸಿದ. ಈ ಕಡೆಯವರಿಗೆ ಗೊತ್ತಿರುವಂತೆ ಹೋಗುವುದೇನೂ ದೊಡ್ಡದಲ್ಲ. ನಮ್ಮೂರು ಮೇಲಿದೆ, ಕೃಷ್ಣಗಿರಿ ಕೆಳಗಿದೆ. ರಸ್ತೆಯೇ ಕರೆದುಕೊಂಡು ಹೋಗುತ್ತದೆ. ವಾಪಸ್ ಬರುವಾಗ ಶೂಲಗಿರಿ ಏರಿನಲ್ಲಿ ಅದೇ ರಸ್ತೆ ಕೊಟ್ಟದ್ದನ್ನೆಲ್ಲ ವಸೂಲು ಮಾಡಿಕೊಳ್ಳುತ್ತದೆ. ಆದ್ದರಿಂದ ಸೆಂದಿಲ್ ನಮ್ಮನ್ನೆಲ್ಲ ಆ್ಯಪ್ ತೋರಿಸುವ ಫಿಟ್‌ನೆಸ್ ಅಂಕಿಯ ಪ್ರಕಾರ ಮೂರು ತಂಡ ಮಾಡಿದ. ಮೊದಲನೆಯವರು ಹೋಗುವುದೂ ಬರುವುದೂ ಸೈಕಲ್ಲಿನಲ್ಲೇ. ಎರಡನೆಯವರು ಹೋಗುವಾಗ ಸೈಕಲ್, ಬರುವಾಗ ವ್ಯಾನ್. ಮೂರನೆಯವರು ಎರಡು ಕಡೆಗೂ ವ್ಯಾನ್. ಪುಳಿಯೋಗರೆ ಅಂಡೆ ಹಿಡಿದುಕೊಂಡು ಮೊದಲೇ ಹೋಗಿ ಎಲೆ ಹಾಕಿ ನೀರು ಚಿಮುಕಿಸಿಡಬೇಕು.

ಇದರಲ್ಲಿ ನನಗೆ ಏನು ಅಷ್ಟು ತಲೆಹೋಗುವಂಥದ್ದು ಎಂದು ಕೇಳಬಹುದು. ಕೃಷ್ಣಗಿರಿಯಲ್ಲಿ ನನ್ನ ಷಡ್ಡಕ ಇದ್ದಾರೆ. ಸುಜಾತಳ ಅಕ್ಕನ ಗಂಡ, ನಾರಾಯಣಪ್ಪ, ಸಹಕಾರ ಸಂಘದಲ್ಲಿ ಕೆಲಸ. ನನಗಿಂತ ಎರಡು ವರ್ಷ ದೊಡ್ಡವರು, ಒಳ್ಳೆಯವರು, ಆದರೆ ಷಡ್ಡಕರು. ಒಂದೇ ಮನೆಯ ಹೆಣ್ಣು ತಂದ ಇಬ್ಬರು ಗಂಡಸರ ನಡುವೆ ಮಾವನ ಮನೆಯ ಜಗಲಿಯ ಮೇಲೆ ನಡೆಯುವ ಪೈಪೋಟಿಗೆ ಕೊನೆಯೆಂಬುದಿಲ್ಲ. ನಾನು ಸೈಕಲ್ ತೆಗೆದುಕೊಂಡ ಸುದ್ದಿ ತಿಳಿದ ದಿನ ಅವರು ಫೋನಿನಲ್ಲಿ, "ಸೀನಪ್ಪ, ಸೈಕಲ್ ತಗಂಡ್ರಂತೆ, ಸಂತೋಷ. ಸ್ಟ್ಯಾಂಡ್ ಗಟ್ಟಿಯಾಗೈತಾ ನೋಡ್ಕಳಿ, ಅದೇ ಎಚ್ಗೆ ಬಳಕೆ ಆಗೋದು" ಎಂದಿದ್ದರು. ಈಗ ಸವಾರಿಯ ದಿನ ಅಣೆಕಟ್ಟಿನ ಬಾಗಿಲಲ್ಲಿ ಸಂಸಾರಸಮೇತ ನಿಂತಿರುತ್ತೇನೆ ಎಂದು ಬೇರೆ ಹೇಳಿದ್ದರು. ಅವರ ಮುಂದೆ ನಾನು ವ್ಯಾನಿನಿಂದ ಪುಳಿಯೋಗರೆ ಅಂಡೆ ಹೊತ್ತು ಇಳಿಯುವ ದೃಶ್ಯ ನನ್ನ ಕಣ್ಣ ಮುಂದೆ ಬಂದು ಬಂದು ನಿಲ್ಲುತ್ತಿತ್ತು. ಮೊದಲನೇ ತಂಡಕ್ಕೆ ಸೇರಲೇಬೇಕಿತ್ತು. ಸೇರುವ ಹತ್ತಿರಕ್ಕೂ ಬಂದಿದ್ದೆ, ಗೆರೆ ದಿನಾ ಒಂದೊಂದು ಚೂರು ಏರುತ್ತಿತ್ತು. ಆಗ ಅಡ್ಡಬಂದದ್ದು ಆನೆ.

ಚಳಿಗಾಲಕ್ಕೆ ಕರ್ನಾಟಕದ ಕಾಡಿನಿಂದ ಈ ಕಡೆ ಬರುವ ಆನೆಗಳು ಬೇಸಿಗೆ ಹತ್ತಿರವಾಗುತ್ತಲೇ ಹಿಂತಿರುಗಬೇಕು. ಆ ವರ್ಷ ಒಂದು ಒಂಟಿ ಸಲಗ ಹೊಸೂರಿನ ಪಕ್ಕದ ಸಾನಮಾವಿನ ಕಾಡಿನ ಕಡೆಯೇ ಉಳಿದುಕೊಂಡಿತ್ತು. ರಾಗಿಯ ರುಚಿ ಹತ್ತಿದ ಮೇಲೆ ಯಾರು ತಾನೇ ಹೋಗುತ್ತಾರೆ? ನಾನು ಆ ರಸ್ತೆಯಲ್ಲಿ ಒಂದು ಬೆಳಿಗ್ಗೆ ಆರಾಮವಾಗಿ ತುಳಿಯುತ್ತಿದ್ದೆ. ಎದುರಿಗೆ ಮೊಪೆಡ್ಡಿನಲ್ಲಿ ಬಂದವನೊಬ್ಬ "ಆನೈ ಸಾರ್! ಆನೈ! ಪೋಗಾದೀಂಗ!" ಎಂದು, ಹೋಗಬೇಡಿ ಎಂಬಂತೆ ಕೈಬೀಸಿ ಕೂಗಿ, ನಿಲ್ಲದೆ ಹೊರಟುಹೋದ. ಎಡಗಡೆ ಪೊದೆಯಲ್ಲಿ ಏನೋ ಮುರಿದ ಸದ್ದಾಯಿತು. ನಾನು ಆನೆಯನ್ನು ನೋಡಲಿಲ್ಲ ಎಂಬುದನ್ನು ನಿಮ್ಮಲ್ಲಿ ಮಾತ್ರ ಹೇಳುತ್ತೇನೆ, ಕಾರ್ಖಾನೆಯಲ್ಲಿ ದಂತದ ಉದ್ದವನ್ನೂ ವರ್ಣಿಸಿದ್ದೇನೆ. ಸೈಕಲ್ ತಿರುಗಿಸಿದ್ದು ನೆನಪಿದೆ. ಆಮೇಲೆ ನೆನಪಿರುವುದು ಹೊಸೂರಿನ ಟೀ ಅಂಗಡಿಯ ಬೆಂಚು ಮತ್ತು ಮುಖಕ್ಕೆ ನೀರು ಚಿಮುಕಿಸುತ್ತಿದ್ದ ಒಂದು ಕೈ.

ಫೋನು ಟಣ್ ಎಂದಿತು. ಆ್ಯಪ್ ಆನಂದದಿಂದ ಹುಚ್ಚಾಗಿತ್ತು. ಅಭಿನಂದನೆ, ನಿಮ್ಮ ಸಾಮರ್ಥ್ಯ ಗಮನಾರ್ಹವಾಗಿ ಹೆಚ್ಚಿದೆ, ಹೊಸ ಮಿತಿಯನ್ನು ಒಪ್ಪುತ್ತೀರಾ? ಮಿತಿ ಎಂದರೆ ಒಬ್ಬ ಮನುಷ್ಯ ಸುಮಾರು ಒಂದು ಗಂಟೆ ಬಿಡದೆ ತುಳಿದರೆ ಎಷ್ಟು ಬಲ ಹಾಕಬಲ್ಲ ಎಂಬ ಅಂದಾಜು. ವೇಗ, ಏರಿಳಿತ, ತೂಕ ಇವನ್ನೆಲ್ಲ ಕೂಡಿಸಿ ಅದು ಊಹೆ ಮಾಡುತ್ತದೆ. ಹಿಂದೆ ಆನೆ ಇತ್ತೇ ಎಂದು ಕೇಳುವ ಜಾಗ ಅದರಲ್ಲಿಲ್ಲ. ನಾನು ಬೆಂಚಿನ ಮೇಲೆ ಮಲಗಿದ್ದಲ್ಲಿಂದಲೇ ಒಪ್ಪಿಗೆ ಒತ್ತಿದೆ. ಆ ಅಂಕಿಯನ್ನು ವಾಟ್ಸಾಪ್ ಸ್ಟೇಟಸ್ಸಿಗೂ ಹಾಕಿದೆ. ಕೃಷ್ಣಗಿರಿಯಿಂದ ಷಡ್ಡಕರು ನೋಡಿದ್ದಾರೆ ಎಂಬ ಗುರುತು ಬಂದಾಗ ಮೈ ಜುಮ್ಮೆಂದಿತು.

ಮಾರನೆಯ ದಿನದಿಂದ ನನ್ನ ಗೆರೆ ಬೀಳತೊಡಗಿತು. ತುಳಿದರೂ ಬೀಳುತ್ತಿತ್ತು, ಜಾಸ್ತಿ ತುಳಿದರೂ ಬೀಳುತ್ತಿತ್ತು. ಬಾಗಲೂರಿನವರೆಗೆ ಎದುರುಗಾಳಿಯಲ್ಲಿ ಹೋಗಿ ನಾಲಿಗೆ ಹೊರಗೆ ಹಾಕಿಕೊಂಡು ಬಂದರೆ, "ಇಂದಿನದು ಹಗುರವಾದ ಸವಾರಿ, ಚೇತರಿಕೆಗೆ ಒಳ್ಳೆಯದು" ಎಂದು ಬರೆಯುತ್ತಿತ್ತು. ತಲೆ ಕೆಡಿಸಿಕೊಂಡು ಓದಿದ ಮೇಲೆ ಗುಟ್ಟು ಗೊತ್ತಾಯಿತು. ಪ್ರತಿ ಸವಾರಿಗೂ ಅಂಕ ಬೀಳುವುದು ನಿಮ್ಮ ಮಿತಿಗೆ ಹೋಲಿಸಿ. ಮಿತಿ ಏರಿತೆಂದರೆ ಅದೇ ಬೆವರಿಗೆ ಅಂಕ ಕಡಿಮೆ, ಮಡಕೆಗೆ ಬೀಳುವ ನೀರು ಕಡಿಮೆ, ತೂತು ಮಾತ್ರ ಮೊದಲಿನಷ್ಟೇ. "ಇದರಲ್ಲೇನಿದೆ ಅರ್ಥವಾಗದ್ದು" ಎಂದಳು ಸುಜಾತ. "ಒಂದು ಮಗು ಹೇಗೋ ಒಂದ್ಸಲ ತೊಂಬತ್ತೆಂಟು ತಗೊಂಡುಬಿಟ್ರೆ ಆಮೇಲೆ ಎಂಬತ್ತು ತಗೊಂಡ್ರೂ ಅಪ್ಪ ಅಮ್ಮ ಸ್ಕೂಲಿಗೆ ಬಂದು ಅಳ್ತಾರೆ. ನಿಮ್ಮದು ಆ ಮಗುವಿನ ಕಥೆ." ಆ ಮಗುವಿಗೆ ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕಿರಬಹುದು, ನನಗೆ ಸಿಕ್ಕಿದ್ದು ಆನೆ, ಅಷ್ಟೇ ವ್ಯತ್ಯಾಸ.

ನನ್ನ ಕಷ್ಟವನ್ನು ಹೇಳಿಕೊಳ್ಳಲು ಇದ್ದವನು ಮುನಿರಾಜು ಒಬ್ಬನೇ. ಬಾಗಲೂರಿನ ಪಕ್ಕದ ಹಳ್ಳಿಯವನು, ಹೊಲ ಮನೆ ನೋಡಿಕೊಂಡೇ ಶಿಫ್ಟಿಗೆ ಬರುತ್ತಾನೆ. ಅಪ್ರೆಂಟಿಸ್ ಆಗಿ ಇಬ್ಬರೂ ಒಂದೇ ದಿನ ಸೇರಿದವರು. ಅವನಿಗೂ ಇದೇ ರೋಗ. ಫಿಟ್‌ನೆಸ್ ಗಡಿಯಾರವನ್ನು ಕಟ್ಟಿಕೊಂಡೇ ಹಸು ಕರೆಯುತ್ತಾನೆ. ಆ ಗಡಿಯಾರ ಅವನ ಕೈಯಾಟವನ್ನು ದೋಣಿಗೆ ಹುಟ್ಟು ಹಾಕುವ ವ್ಯಾಯಾಮ ಎಂದು ಬರೆದುಕೊಳ್ಳುತ್ತದೆ. ಬಾಗಲೂರಿನ ಸುತ್ತಮುತ್ತ ದೋಣಿ ತೇಲುವಷ್ಟು ನೀರನ್ನು ನಾನಂತೂ ಕಂಡಿಲ್ಲ. ಆದರೂ ಮುನಿರಾಜುವಿಗೆ ಆ ಅಂಕಗಳ ಬಗ್ಗೆ ಬಹಳ ಗೌರವ. ನನ್ನ ಫೋನನ್ನು ಎರಡು ಸಲ ಮೇಲೆ ಕೆಳಗೆ ಉಜ್ಜಿ ನೋಡಿ, "ಲೋ ಸೀನ, ಆನೆ ನಿನ್ನ ಅಟ್ಟಿಸ್ಕಂಡ್ ಬಂದಿದ್ದು ಒಂದಿನ ಕಣ್ಲಾ. ಈ ಆ್ಯಪು ದಿನಾ ಅಟ್ಟಿಸ್ಕಂಡ್ ಬತ್ತೈತೆ" ಎಂದ. ಆಮೇಲೆ ಸ್ವಲ್ಪ ಯೋಚಿಸಿ, "ಇಲ್ಲಾಂದ್ರೆ ಇನ್ನೊಂದ್ಸಲ ಸಾನಮಾವಿಗೆ ಓಗ್ಬುಟ್ಟು ಬಾ. ದಿನಾ ಓಗು. ಗೆರೆ ತಾನೇ ಏರ್ತದೆ" ಎಂದು ಸಲಹೆ ಕೊಟ್ಟ. ತಮಾಷೆಗೆ ಹೇಳಿದ್ದಲ್ಲ, ಅವನ ಮುಖ ನೋಡಿದೆ.

ದಾರಿ ಇನ್ನೊಂದಿತ್ತು. ಸೆಟ್ಟಿಂಗಿಗೆ ಹೋಗಿ ಮಿತಿಯನ್ನು ನಾನೇ ಇಳಿಸಬಹುದಿತ್ತು. ಆದರೆ ಅದು ಸಣ್ಣ ಮಾತೇ? ಊರಿಗೆಲ್ಲ ಹೇಳಿಕೊಂಡ ಶಕ್ತಿಯನ್ನು ಕೈಯಾರೆ ಅಳಿಸಿ, ಇಲ್ಲ ಸ್ವಾಮಿ, ನಾನು ಅಂಥವನಲ್ಲ ಎಂದು ಬರೆದುಕೊಡಬೇಕು. ಶಕ್ತಿ ಇಟ್ಟುಕೊಂಡರೆ ಫಿಟ್‌ನೆಸ್ ಇಲ್ಲ, ಫಿಟ್‌ನೆಸ್ ಬೇಕಾದರೆ ಶಕ್ತಿ ಬಿಡಬೇಕು. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಸೆಂದಿಲ್ ತಂಡಗಳ ಕರಡು ಪಟ್ಟಿ ಹಾಕಿದ, ನನ್ನ ಹೆಸರಿನ ಮುಂದೆ ಪುಳಿಯೋಗರೆ ಇತ್ತು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಬಾಗಿಲು ಹಾಕಿಕೊಂಡು ಮಿತಿಯನ್ನು ಹಳೆಯ ಅಂಕಿಗೆ ಇಳಿಸಿದೆ. ಆ್ಯಪ್ ಹಿಂದಿನ ಸವಾರಿಗಳಿಗೆಲ್ಲ ಹೊಸದಾಗಿ ಅಂಕ ಹಾಕಿತು, ಗೆರೆ ತಲೆಯೆತ್ತಿತು, ಆದರೂ ಮೊದಲ ತಂಡಕ್ಕೆ ಕೂದಲೆಳೆಯಷ್ಟು ಸಾಲದು. ಇನ್ನು ಚೂರು ಇಳಿಸಿದೆ. ನಮ್ಮ ವಿಭಾಗದಲ್ಲಿ ಇದಕ್ಕೆ ಸೇಫ್ಟಿ ಮಾರ್ಜಿನ್ ಅನ್ನುತ್ತಾರೆ. ಆಮೇಲೆ ಆನೆಯಿಂದಾದ ನಷ್ಟಕ್ಕೆ ಪರಿಹಾರವಾಗಿ ಇನ್ನೊಂದು ಚೂರು. ಕೊನೆಗೆ ನಿಲ್ಲಿಸುವ ಹೊತ್ತಿಗೆ ಆ್ಯಪ್‌ನ ದೃಷ್ಟಿಯಲ್ಲಿ ನಾನು ಒಂದು ಫ್ಲೈಓವರ್ ಹತ್ತಿದರೆ ಪ್ರಾಣ ಹೋಗುವಂಥ ಬಡಪಾಯಿಯಾಗಿದ್ದೆ. ಅಂಥವನು ಇಷ್ಟು ದಿನ ಬಾಗಲೂರಿಗೂ ಮತ್ತಿಗಿರಿಗೂ ಹೋಗಿಬಂದದ್ದು ಸಾಮಾನ್ಯವೇ? ಮಡಕೆ ತುಂಬಿ ಹರಿಯಿತು. ಗೆರೆ ಪರದೆಯ ನೆತ್ತಿಗೆ ಹೋಗಿ ಮುಟ್ಟಿತು. ಮಿತಿಯ ಅಂಕಿ ಯಾರಿಗೂ ಕಾಣದಂತೆ ಮುಚ್ಚಿಟ್ಟೆ.

ಸೋಮವಾರ ಸೆಂದಿಲ್ ನನ್ನ ಮೇಜಿನ ಹತ್ತಿರ ಓಡಿಬಂದ. "ಎನ್ನ ಸಾರ್ ಇದು! ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ? ಇಡೀ ಕ್ಲಬ್‌ನಲ್ಲಿ ನೀವೇ ಫಸ್ಟು!" ಏನೋ ಆ್ಯಪ್ ತಪ್ಪು ತಿಳಿದಿರಬಹುದು ಎಂದು ನಾನು ವಿನಯದಿಂದ ಗೊಣಗಿದೆ. "ನಂಬರ್ ಪೊಯ್ ಸೊಲ್ಲಾದು ಸಾರ್" ಎಂದ ಅವನು, ಅಂಕಿ ಸುಳ್ಳು ಹೇಳುವುದಿಲ್ಲವಂತೆ. ನಾನು ಆಗಲೇ ಬಾಯಿಬಿಡಬಹುದಿತ್ತು. ಆದರೆ ಅಕ್ಕಪಕ್ಕದ ಮೇಜಿನವರು ಚಪ್ಪಾಳೆ ತಟ್ಟಿಬಿಟ್ಟರು. ಮೊದಲ ತಂಡದಲ್ಲಷ್ಟೇ ಅಲ್ಲ, ಮೊದಲ ತಂಡದ ಮುಂದೆ ಕ್ಲಬ್ಬಿನ ಬಾವುಟ ಕಟ್ಟಿಕೊಂಡು ಹೋಗುವ ನಾಯಕನಾಗಿ ನನ್ನ ನೇಮಕವಾಯಿತು. ಮುನಿರಾಜು ಊಟದ ಹೊತ್ತಿನಲ್ಲಿ ನನ್ನನ್ನೇ ದಿಟ್ಟಿಸಿ, "ನಿಜ ಏಳ್ಲಾ, ಎಷ್ಟಾನೆ ಸಿಕ್ಕಿದ್ವು?" ಎಂದ.

ಸವಾರಿಯ ದಿನ ಹೋಗುವ ಪ್ರಯಾಣವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಬೆಳಗಿನ ತಂಪು, ಇಳಿಜಾರು, ಬೆನ್ನ ಹಿಂದೆ ಪಟಪಟ ಹೊಡೆದುಕೊಳ್ಳುವ ಬಾವುಟ, ಅದರ ಹಿಂದೆ ಇಪ್ಪತ್ತೈದು ವಯಸ್ಸಿನ ಎಂಜಿನಿಯರುಗಳು. ಅಣೆಕಟ್ಟಿನ ಬಾಗಿಲಲ್ಲಿ ಮೀನು ಹುರಿಯುವ ಅಂಗಡಿಗಳ ಪಕ್ಕ ಷಡ್ಡಕರು ನಿಂತಿದ್ದರು. ಅವರು ನೋಡುತ್ತಿದ್ದದ್ದು ವ್ಯಾನಿನ ಕಡೆ. ನಾನು ಹಿಂದಿನಿಂದ ಹೋಗಿ ಬೆಲ್ ಮಾಡಿದೆ. ತಿರುಗಿ ನೋಡಿದವರು ಬಾವುಟ ನೋಡಿದರು, ನನ್ನನ್ನು ನೋಡಿದರು, ಮತ್ತೆ ಬಾವುಟ ನೋಡಿದರು. "ಸೀನಪ್ಪ, ತಪ್ಪು ತಿಳ್ಕಬೇಡಿ, ವ್ಯಾನಲ್ಲಿ ಬತ್ತೀರ ಅಂತ ನಾನು ಅತ್ಲಾಗೆ ನೋಡ್ತಿದ್ದೆ" ಎಂದು ಕೈ ಹಿಡಿದುಕೊಂಡರು. ಸೆಂದಿಲ್ ಬಂದು ನನ್ನ ಫಿಟ್‌ನೆಸ್ ಗೆರೆಯನ್ನು ಅವರಿಗೆ ತೋರಿಸಿದ. ಇಪ್ಪತ್ತು ವರ್ಷದ ಷಡ್ಡಕತನದಲ್ಲಿ ಅವರು ತಾವಾಗಿ ನನ್ನ ಸೈಕಲ್ ಹಿಡಿದುಕೊಂಡದ್ದು ಅದೇ ಮೊದಲು. ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ, ಪುಳಿಯೋಗರೆಯನ್ನು ಮೂರು ಸಲ ಹಾಕಿಸಿಕೊಂಡೆ.

ಆ ಮೂರನೇ ಸಲದ ಪುಳಿಯೋಗರೆ ಶೂಲಗಿರಿ ಏರಿನಲ್ಲಿ ನನ್ನನ್ನು ವಿಚಾರಿಸಿಕೊಂಡಿತು. ಬಿಸಿಲು ನೆತ್ತಿಗೇರಿತ್ತು. ಎಂಜಿನಿಯರುಗಳು ಮರ್ಯಾದೆಗೆಂದು ನಾಯಕನ ಹಿಂದೆಯೇ ತೆವಳುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ "ಸಾರ್, ನೀವು ನಿಧಾನವಾಗಿ ಬನ್ನಿ" ಎಂದು ಒಬ್ಬೊಬ್ಬರಾಗಿ ದಾಟಿಹೋದರು. ಮೊದಲು ಎಡತೊಡೆ ಹಿಡಿದುಕೊಂಡಿತು, ಆಮೇಲೆ ಬಲತೊಡೆ. ಇಳಿಯೋಣವೆಂದರೆ ಕಾಲು ಮಡಚುತ್ತಿಲ್ಲ. ಸೈಕಲ್ ಸಮೇತ ರಸ್ತೆ ಪಕ್ಕದ ಹುಲ್ಲಿನ ಮೇಲೆ ಮೆಲ್ಲಗೆ ಒರಗಿದೆ. ಹಾಗೇ ಮಲಗಿ ಆಕಾಶ ನೋಡುತ್ತಿದ್ದಾಗ ವ್ಯಾನ್ ಬಂದು ನಿಂತಿತು. ಎರಡನೇ ತಂಡದ ಮುನಿರಾಜು ಬಾಗಿಲಿನಿಂದ ಕೈ ಚಾಚಿ, "ವ್ಯಾನ್ ಅತ್ತಲಾ, ಅತ್ತು. ಅಂಡೆ ಪಕ್ಕ ಜಾಗ ಐತೆ" ಎಂದು ಎಳೆದುಕೊಂಡ. ಖಾಲಿ ಅಂಡೆಗಳ ನಡುವೆ ಕಾಲು ನೀಡಿ ಕುಳಿತೆ. ಬಾವುಟದ ಕೋಲು ಒಳಗೆ ಹಿಡಿಸದೆ ಕಿಟಕಿಯಿಂದಾಚೆ ಹಾಕಿದ್ದರಿಂದ ನಾಯಕತ್ವ ಮಾತ್ರ ಹೊಸೂರಿನವರೆಗೂ ಹಾರಾಡುತ್ತಲೇ ಇತ್ತು. ಸೆಂದಿಲ್ ಸಂಜೆ ಫೋನ್ ಮಾಡಿ, "ಬೇಜಾರು ಬೇಡ ಸಾರ್, ಫಿಟ್‌ನೆಸ್ ಇದೆ, ಇವತ್ತು ಫಾರ್ಮ್ ಮೈನಸ್ಸು, ಅಷ್ಟೇ" ಎಂದ. ಅವನ ಭಕ್ತಿಗೆ ನಾನು ತಲೆಬಾಗಿದೆ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಂದಿನ ಭಾನುವಾರ, ನಾನು ತೊಡೆಗೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕುಳಿತಿದ್ದಾಗ, ಗೇಟಿನ ಹತ್ತಿರ ಸೈಕಲ್ ಗಂಟೆ ಕೇಳಿಸಿತು. ನೋಡಿದರೆ ಷಡ್ಡಕರು! ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ್ದಾರೆ, ಅಂಗಿ ಬೆವರಿನಲ್ಲಿ ಮುದ್ದೆಯಾಗಿದೆ. ತಂದದ್ದು ಅವರ ಮಗಳಿಗೆ ಪ್ಲಸ್ ಒನ್‌ನಲ್ಲಿ, ಅಂದರೆ ಹನ್ನೊಂದನೇ ಕ್ಲಾಸಿನಲ್ಲಿ, ಸರ್ಕಾರ ಕೊಟ್ಟ ಪುಕ್ಕಟೆ ಸೈಕಲ್. ಗೇರಿಲ್ಲ. ಮುಂದಿನ ಬುಟ್ಟಿಯ ತುಂಬ ಹಿತ್ತಿಲ ಮರದ ಮಾವಿನಹಣ್ಣು. "ಕತ್ಲಲ್ಲೇ ಒಂಟೆ ಸೀನಪ್ಪ" ಎಂದರು, ಉಸಿರು ತಂದುಕೊಳ್ಳುತ್ತ. "ಅವತ್ತು ನಿಮ್ಮುನ್ನ ನೋಡ್ದಾಗ್ಲಿಂದ ಮನ್ಸು ತಡೀಲಿಲ್ಲ. ನೀವು ಏರಿದ ಏರು ನಾನ್ಯಾಕೆ ಏರ್ಬಾರ್ದು ಅಂತ ಬಂದ್ಬುಟ್ಟೆ. ಕಡಿದಾಗಿರೋ ಕಡೆ ಇಳ್ದು ತಳ್ದೆ, ಸುಳ್ ಏಳಲ್ಲ. ನೀವು ಅದೆಂಗ್ ಇಳೀದೆ ಏರಿದ್ರೋ ಮಾರಾಯ್ರೇ!"

ಸುಜಾತ ನೀರಿನ ಚೊಂಬು ಹಿಡಿದು ಬಂದವಳು ನನ್ನ ಮುಖ ನೋಡಿದಳು. ನಾನೇ ಹೇಳಲಿ ಎಂದು ಕಾಯುತ್ತಿದ್ದಾಳೆ ಎಂಬುದು ತಿಳಿಯಿತು. ನನಗೆ ನಿಜವಾಗಿ ನಾಚಿಕೆಯಾಯಿತು. ಬಾಯಿಯವರೆಗೂ ಬಂತು, ಅಣ್ಣ, ನಾನು ಆ ಏರನ್ನು ಏರಿದ್ದು ಅಂಡೆಗಳ ಮಧ್ಯೆ ಕೂತು ಎಂದು. ಆದರೆ ಬಾಯಿಂದ ಹೊರಬಿದ್ದ ಮಾತು ಬೇರೆಯಾಗಿತ್ತು.

"ರೆಕಾರ್ಡ್ ಮಾಡಿದಿರಾ ಅಣ್ಣ?"

"ಏನ್ ರೆಕಾರ್ಡು?"

"ಸವಾರಿ. ಫೋನಿನಲ್ಲಿ."

"ಫೋನು ಮನೇಲೇ ಬಿಟ್ ಬಂದೆ. ದಾರೀಲಿ ಬಿದ್ರೆ ಒಡ್ದೋಗ್ತದೆ ಅಂತ ನಿಮ್ ಅತ್ಗೆ ಇಸ್ಕಂಡ್ಲು."

ನಾನು ನಿಟ್ಟುಸಿರು ಬಿಟ್ಟೆ. ಆ ನಿಟ್ಟುಸಿರಿನಲ್ಲಿ ಎಷ್ಟು ಸಂಕಟವಿತ್ತೋ ಅಷ್ಟೇ ಸಮಾಧಾನವೂ ಇತ್ತು. ಕುರ್ಚಿ ಹಾಕಿ ಕೂರಿಸಿ, ಮಡಕೆ, ತೂತು, ಮಿತಿ ಎಲ್ಲವನ್ನೂ ತಾಳ್ಮೆಯಿಂದ ವಿವರಿಸಿದೆ. ಬರೆದಿಡದ ಕೆಲಸ ನಡೆದೇ ಇಲ್ಲ ಎಂಬುದು ನಮ್ಮ ಕ್ವಾಲಿಟಿ ವಿಭಾಗದ ಮೊದಲ ಪಾಠ ಎಂದೂ ಸೇರಿಸಿದೆ. ಅವರು ಮಾವಿನಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಶ್ರದ್ಧೆಯಿಂದ ಕೇಳಿದರು.

"ಅಂಗಾದ್ರೆ ನಾನು ಬಂದೇ ಇಲ್ಲ ಅಂತೀರಾ?"

"ಬಂದಿದ್ದೀರಿ ಅಣ್ಣ, ಅದರಲ್ಲಿ ಅನುಮಾನವಿಲ್ಲ. ಆದರೆ ನಿಮ್ಮ ಫಿಟ್‌ನೆಸ್ ಇನ್ನೂ ಕೃಷ್ಣಗಿರಿಯಲ್ಲೇ ಇದೆ."

ಷಡ್ಡಕರ ಮುಖ ಬಾಡಿತು. ಛೆ, ಇಷ್ಟು ದೂರ ತುಳಿದದ್ದು ದಂಡವಾಯಿತಲ್ಲ ಎಂದು ಪೇಚಾಡಿದರು, ಮುಂದಿನ ಸಲ ಫೋನು ತರುತ್ತೇನೆ ಎಂದು ನನಗೆ ಮಾತು ಕೊಟ್ಟರು. ಸುಜಾತ ಚೊಂಬನ್ನು ಕುಕ್ಕಿ ಒಳಗೆ ಹೋದಳು. ಊಟ ಮಾಡಿ, ಒಂದು ಗಳಿಗೆ ಮಲಗೆದ್ದು, ಬಿಸಿಲು ತಗ್ಗಿದ ಮೇಲೆ ಅವರು ಪಂಚೆ ಎತ್ತಿ ಕಟ್ಟಿ ಮತ್ತೆ ಸೈಕಲ್ ಹತ್ತಿದರು. ಮನೆಗೆ ಬಂದ ದೊಡ್ಡವರನ್ನು ಹಾಗೇ ಕಳಿಸುವುದು ಮರ್ಯಾದೆಯಲ್ಲ, ಹೆದ್ದಾರಿಯವರೆಗೆ ಜೊತೆಯಲ್ಲಿ ಹೋಗಿ ಬೀಳ್ಕೊಟ್ಟು ಬಂದೆ. ಸ್ಕೂಟರಿನಲ್ಲಿ ಹೋದೆ. ಆವತ್ತು ಆ್ಯಪ್ ನನಗೆ ಸಂಪೂರ್ಣ ವಿಶ್ರಾಂತಿ ಹೇಳಿತ್ತು.